ಎಷ್ಟಾದರೆ ಸಾಕು?

1994ರಲ್ಲಿ ಇನ್ಫೋಸಿಸ್ ನೌಕರರಿಗೂ ಶೇರು ಹಂಚುವ ಯೋಜನೆ ತಂದಿತು. ಇಂದು ಹೊಸ ಕಂಪನಿಗಳ ಶೇರು ಪಡೆದ ಯುವಕರು 40ಕ್ಕೇ ನಿವೃತ್ತಿ ಬಯಸುತ್ತಾರೆ. ಅದಕ್ಕೆ ಎಷ್ಟು ಹಣ ಬೇಕು?

ಚಂದ್ರಿಕೆಯ ಮೇಲಿನ ಗೂಡು ಹರಾಜಾಗುವವರೆಗೆ ಹಣವಲ್ಲವೆಂದು ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನು ಬಲ್ಲನು. ಶೇರೂ ಹಾಗೆಯೇ, ಮಾರಾಟವಾಗಿ, ತೆರಿಗೆ ಕಳೆದು ಕೈಸೇರಬೇಕು.

ವಾರ್ಷಿಕ ಖರ್ಚಿನ 25 ಪಟ್ಟು ಇರಬೇಕೆಂಬುದು, 30 ವರ್ಷಗಳ ವಿಶ್ರಾಂತಿಗಾಗಿ ಅಮೆರಿಕದಲ್ಲಿ ಹುಟ್ಟಿದ ಲೆಕ್ಕ. ತಿಂಗಳಿಗೆ 40,000 ರೂಪಾಯಿ ಸಾಕೆಂದರೆ 1 ಕೋಟಿ 20 ಲಕ್ಷ. 40ಕ್ಕೇ ಬಿಡುವವನಿಗೆ ಇನ್ನೂ ಹೆಚ್ಚು.

ಆದರೆ ಮೊದಲು ಗೊತ್ತಾಗಬೇಕಾದುದು ಖರ್ಚಿನ ಮಿತಿ. ಮಾರಯ್ಯನವರು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮನವರು ಹಿಂದಿರುಗಿಸಹೇಳಿದರು. ಆ ತಾಯಿ ಅಳೆದದ್ದು ಅಗತ್ಯವನ್ನು, ಆಸೆಯನ್ನಲ್ಲ. ಆಸೆಯನ್ನೇ ಅಳತೆಯಾಗಿಸಿಕೊಂಡವನಿಗೆ ಯಾವ ಕೋಟಿಯೂ ಸಾಲದು.