ಒನಕೆ ಹುಡುಕಿ ನಾಲ್ಕು ಊರು

"ತಾತ, ನಮ್ಮ ಮನೇಲಿ ಒನಕೆ ಇದೆಯಾ?"

ದಸರಾ ರಜೆಗೆ ಚಿತ್ರದುರ್ಗಕ್ಕೆ ಬಂದ ಮೊಮ್ಮಗಳು ಚೀಲ ಕೆಳಗಿಡುತ್ತಲೇ ಕೇಳಿದಳು. ಅವಳು ಏಳನೇ ತರಗತಿ. ಚಿತ್ರಕಲಾ ಮೇಷ್ಟ್ರು ರಜೆಗೆಂದು ಕೆಲಸ ಕೊಟ್ಟಿದ್ದರು. ನಮ್ಮ ಸೀಮೆಯ ಚರಿತ್ರೆಯನ್ನು ನೆನಪಿಸುವ ನಾಲ್ಕು ವಸ್ತುಗಳನ್ನು ಜೋಡಿಸಿಟ್ಟು, ಕಣ್ಣಾರೆ ನೋಡಿ, ಪೆನ್ಸಿಲಿನಲ್ಲಿ ಬರೆಯಬೇಕು. ಫೋಟೊ ನೋಡಿ ಬರೆಯುವಂತಿಲ್ಲ. ಇದಕ್ಕೆ ವಸ್ತುಚಿತ್ರ ಎನ್ನುತ್ತಾರಂತೆ.

ದುರ್ಗ ಎಂದಮೇಲೆ ಒನಕೆ ಬೇಡವೇ? ಆದರೆ ನಾನು ಉತ್ತರ ಕೊಡದೆ ಕನ್ನಡಕ ಒರೆಸಿಕೊಂಡೆ. ಕಾರಣ ಆಮೇಲೆ ಹೇಳುತ್ತೇನೆ.

ಮರುದಿನ ಬೆಳಿಗ್ಗೆ ಏಳುಸುತ್ತಿನ ಕೋಟೆಗೆ ಹೋದೆವು. ಓಬವ್ವನ ಕಥೆ ನಿಮಗೆಲ್ಲ ಗೊತ್ತು ಮಕ್ಕಳೇ. ಕಾವಲಿನ ಗಂಡ ಊಟಕ್ಕೆ ಕುಳಿತಿದ್ದ. ನೀರಿಗೆ ಬಂದ ಓಬವ್ವ, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದನ್ನು ಕಂಡು ಒನಕೆ ಹಿಡಿದಳು. ಮೊಮ್ಮಗಳು ಆ ಕಿಂಡಿಯಲ್ಲಿ ತಾನೇ ನುಸುಳಿ ಬಂದು, ಬಟ್ಟೆ ಕೊಡವಿಕೊಂಡು ಹೇಳಿದಳು: "ತಾತ, ಇಲ್ಲಿ ಕತ್ತಿ ಬೀಸೋಕೆ ಜಾಗಾನೇ ಇಲ್ಲ. ಮೇಲಿಂದ ಕುಟ್ಟಬಹುದು ಅಷ್ಟೆ. ಒನಕೆಯೇ ಸರಿ!" ಎಪ್ಪತ್ತು ದಾಟಿದ ನನಗೆ ಅದು ಹೊಳೆದಿರಲಿಲ್ಲ.

ಮದ್ದು ಬೀಸುತ್ತಿದ್ದ ನಾಲ್ಕು ದೊಡ್ಡ ಕಲ್ಲುಗಳನ್ನು ಕಂಡು, "ಇವು ಅಜ್ಜಿಯ ರಾಗಿ ಕಲ್ಲಿನ ಅಣ್ಣಂದಿರು" ಎಂದಳು. ಕೋಟೆ 1779ರಲ್ಲಿ ಹೈದರನ ವಶವಾಯಿತು. ಆದರೂ ದುರ್ಗ ಎಂದರೆ ಜನ ಇಂದಿಗೂ ಮೊದಲು ನೆನೆಯುವುದು ಅಡುಗೆಮನೆಯ ಒಂದು ಮರದ ತುಂಡನ್ನು!

ಅಲ್ಲಿಂದ ಬಸ್ಸು ಹತ್ತಿ ಹೊಳಲ್ಕೆರೆ. ಬಯಲು ಗಣಪತಿಗೆ ಕೈಮುಗಿದು, ಅಡಿಕೆ ತೋಟದ ಹಳೆಯ ಸ್ನೇಹಿತರ ಮನೆಗೆ ಹೋದೆವು. "ಒನಕೆ ಎಲ್ಲಿ ಸ್ವಾಮಿ, ಮಿಕ್ಸಿ ಬಂದು ಎಷ್ಟು ಕಾಲವಾಯ್ತು" ಎಂದು ನಕ್ಕು, ಅವರು ಹಿತ್ತಾಳೆಯ ಅಡಕತ್ತರಿ ಕೊಟ್ಟರು. ಅದರ ಮೇಲೆ ಪುಟ್ಟ ಗಿಳಿ ಇತ್ತು. ಬ್ಯಾಂಕಿನಲ್ಲಿ ನಾನು ವರ್ಷಗಟ್ಟಲೆ ಚಿನ್ನದ ಸಾಲದ ಕೌಂಟರಿನಲ್ಲಿ ಕುಳಿತವನು. ಎಷ್ಟು ಡಾಬು, ಎಷ್ಟು ಅಡ್ಡಿಕೆ ಕೈಮೇಲೆ ಹೋದವು! ಪುಸ್ತಕದಲ್ಲಿ ಗ್ರಾಂ ಬರೆದೆ. ಗಿಳಿ ಇತ್ತೋ ನವಿಲಿತ್ತೋ, ನೋಡಲಿಲ್ಲ.

ಹೊಸದುರ್ಗದಲ್ಲಿಯೂ ಒನಕೆ ಸಿಗಲಿಲ್ಲ. ಸಂತೆಯಲ್ಲಿ ದಾಳಿಂಬೆ ಕೊಂಡೆವು. ಮಳೆ ಕಡಿಮೆಯ ಈ ನೆಲದಲ್ಲಿ ರೈತರು ಹನಿ ನೀರಿನಲ್ಲಿ ಬೆಳೆಸಿದ ಹಣ್ಣು. "ಚರಿತ್ರೆಯಲ್ಲಿ ಹಣ್ಣೂ ಸೇರುತ್ತಾ?" ಎಂದೆ. "ನೋಡಿ ತಾತ, ಇದಕ್ಕೆ ಕಿರೀಟ ಇದೆ" ಎಂದಳು.

ಹಿರಿಯೂರಿಗೆ ಬರುವಾಗ ವಾಣಿವಿಲಾಸ ಸಾಗರ ನೋಡಿದೆವು. ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟೆ. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಅಷ್ಟು ಕಾಯಿಸುವ ನೀರಿನ ನೆನಪಿಗೆ ತಾಮ್ರದ ತಂಬಿಗೆ ಇರಲಿ ಎಂದು ತೀರ್ಮಾನವಾಯಿತು.

ಇದೇ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರು ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ. 1922ರಲ್ಲಿ ಹುಟ್ಟಿದವರು, ನಿಸರ್ಗಚಿತ್ರಗಳಿಗೆ ಹೆಸರಾದವರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಹಳ್ಳಿಯ ಜನ ಬಳಸಿ ಬದಿಗಿಟ್ಟ ವಸ್ತುಗಳಿಗೆ ಅರಮನೆಯಲ್ಲಿ ಜಾಗ ಸಿಕ್ಕಿತು. ಆ ಅರಮನೆಯೇ ಜಯಲಕ್ಷ್ಮಿವಿಲಾಸ.

ಅವರು ಕಾಪಾಡಿದಂಥದ್ದನ್ನು ನಾನು ಸುಟ್ಟವನು. ಈಗ ಹೇಳಿಬಿಡುತ್ತೇನೆ. ವರ್ಗವಾಗಿ ಮನೆ ಖಾಲಿ ಮಾಡುವಾಗ, ಲಾರಿಯಲ್ಲಿ ಜಾಗ ಸಾಲದೆಂದು ಅಮ್ಮನ ಒನಕೆಯನ್ನು ಸೀಳಿ ಬಚ್ಚಲ ಒಲೆಗೆ ಹಾಕಿದೆ. ಎರಡು ದಿನದ ಸ್ನಾನಕ್ಕೆ ಆಯಿತು. ಅಮ್ಮ ಏನೂ ಅನ್ನಲಿಲ್ಲ. ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು, ಒಳಗೆ ಹೋದರು.

ಹಿರಿಯೂರಿನ ಪಕ್ಕದ ಹಳ್ಳಿಯಲ್ಲಿ ನಮ್ಮ ಅತ್ತಿಗೆಯ ಮನೆ. ಅಲ್ಲಿ ಕೊಟ್ಟಿಗೆಯ ಬಾಗಿಲಿಗೆ ಆತುಕೊಟ್ಟ ಮರವನ್ನು ಮೊಮ್ಮಗಳೇ ಮೊದಲು ಕಂಡಳು. ತುದಿಯಲ್ಲಿ ಕಬ್ಬಿಣದ ಬಳೆ. ಒನಕೆ!

"ಅಜ್ಜಿ, ನಡುವೆ ಯಾಕೆ ಸಣ್ಣಗಾಗಿದೆ?"

"ಕೈ ಹಿಡಿದು ಸವೆದದ್ದು ಮಗಾ. ನಮ್ಮತ್ತೆ ಕೈ, ಆಮೇಲೆ ನನ್ನ ಕೈ."

ಜಗಲಿಯ ಮೇಲೆ ತಂಬಿಗೆ, ಅಡಕತ್ತರಿ, ದಾಳಿಂಬೆ ಜೋಡಿಸಿದೆವು. ಒನಕೆ ಮಾತ್ರ ನಿಲ್ಲಲೊಲ್ಲದು. "ತಾತ, ಹಿಡ್ಕೊಳ್ಳಿ" ಎಂದಳು. ಸವೆದ ಜಾಗದಲ್ಲೇ ಹಿಡಿದು ಒಂದು ಗಂಟೆ ಕುಳಿತೆ. ಅಮ್ಮನ ಒನಕೆಯೂ ಅಲ್ಲೇ ಸವೆದಿತ್ತೇನೋ; ಆಗ ನೋಡಿರಲಿಲ್ಲ.

ಚಿತ್ರ ಮುಗಿದಾಗ ನೋಡಿದರೆ, ಅವಳು ನನ್ನ ಕೈಯನ್ನೂ ಬರೆದುಬಿಟ್ಟಿದ್ದಾಳೆ, ನರನರ ಕಾಣುವಂತೆ! ವಸ್ತುಚಿತ್ರದಲ್ಲಿ ಕೈ ಬರಬಾರದೆಂದು ಮೇಷ್ಟ್ರು ಎರಡು ಅಂಕ ಕಳೆದರೆ ಕಳೆಯಲಿ. ಅಳಿಸಬೇಡ ಎಂದೆ.