ನಾವು ನಾವೇ ಎಂದು ಹೇಳಲು ಒಂದು ಟಿಕ್ ಮಾರ್ಕು

ಕಳೆದ ಗೋವಿನಜೋಳದ ಸುಗ್ಗಿಯ ಹೊತ್ತಿಗೆ ನಮ್ಮ ಐವರಲ್ಲಿ ಒಬ್ಬನಿಗೆ ಹಿರೇಕೆರೂರು ಕಡೆಯಿಂದ ಫೋನ್ ಬಂತು. ಗುರುತಿಲ್ಲದ ಹುಡುಗಿಯ ದನಿ. "ಸರ್, ನನ್ನ ಆಫರ್ ಲೆಟರ್ ಯಾವಾಗ ಬರ್ತೈತ್ರಿ? ರೊಕ್ಕ ಹಾಕಿ ಮೂರು ವಾರ ಆತು." ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಅವನು ತಾಲ್ಲೂಕು ಮಟ್ಟದ ವರದಿಗಾರ. ತಿಂಗಳ ಕೊನೆಯಲ್ಲಿ ಸುದ್ದಿಯ ಲೆಕ್ಕಕ್ಕೆ ಹಣ ತೆಗೆದುಕೊಳ್ಳುವವನು. ಇನ್ನೊಬ್ಬರಿಗೆ ಆಫರ್ ಲೆಟರ್ ಕೊಡುವುದು ಹಾಗಿರಲಿ, ಅವನಿಗೇ ಅಂಥದ್ದೊಂದು ಸಿಕ್ಕಿಲ್ಲ.

ವಿಷಯ ನಿಧಾನಕ್ಕೆ ಬಿಚ್ಚಿಕೊಂಡಿತು. ಕೆಲಸ ಹುಡುಕುವವರೂ ಕೊಡುವವರೂ ಸೇರುವ ಒಂದು ದೊಡ್ಡ ಜಾಲತಾಣದಲ್ಲಿ ಯಾರೋ ಅವನ ಹೆಸರು, ಅವನ ಫೋಟೊ, ನಮ್ಮ ಕಾಲೇಜಿನ ಹೆಸರು ಎಲ್ಲ ಹಾಕಿ ಖಾತೆ ತೆರೆದಿದ್ದರು. ಫೋಟೊ ನಮ್ಮದೇ ಪತ್ರಿಕೋದ್ಯಮ ವಿಭಾಗದ ಕಾರ್ಯಕ್ರಮದ್ದು. ಅವನು ಮೈಕಿನ ಮುಂದೆ ನಿಂತಿದ್ದ. ಹುದ್ದೆ ಮಾತ್ರ ಬೆಂಗಳೂರಿನ ಡಿಜಿಟಲ್ ಸುದ್ದಿಸಂಸ್ಥೆಯೊಂದರ ಹಿರಿಯ ಉಪಸಂಪಾದಕ. ಅಲ್ಲಿಂದ ನಮ್ಮ ಜೂನಿಯರ್‌ಗಳಿಗೆ ಮೆಸೇಜು ಹೋಗಿತ್ತು: ಮನೆಯಿಂದಲೇ ಬರೆಯುವ ಕೆಲಸ, ತಿಂಗಳಿಗೆ 22,000 ರೂಪಾಯಿ, ಲ್ಯಾಪ್‌ಟಾಪ್ ಕಳಿಸಿಕೊಡುತ್ತೇವೆ, ಅದಕ್ಕೆ ಠೇವಣಿ 6,500. ಈ ಹುಡುಗಿ ಫೋನ್ ಮಾಡಲೇ ಎಂದು ಕೇಳಿದ್ದಳು. "ಮೀಟಿಂಗ್‌ನಲ್ಲಿದ್ದೇನೆ, ಇಲ್ಲೇ ಬರೆಯಿರಿ" ಎಂಬ ಉತ್ತರ ಬಂದಿತ್ತು. ಅವ್ವ ಸ್ವಸಹಾಯ ಸಂಘದಿಂದ ಎತ್ತಿದ ಸಾಲದಲ್ಲಿ ಹಣ ಹೋಯಿತು. ಆಮೇಲೆ ಉತ್ತರವೂ ನಿಂತಿತು. ಕೊನೆಗೆ ಉಪನ್ಯಾಸಕರೊಬ್ಬರಿಂದ ನಂಬರು ಪಡೆದು ಅವಳು ನಿಜವಾದ ಮನುಷ್ಯನಿಗೆ ಫೋನ್ ಮಾಡಿದ್ದಳು.

ಆ ರಾತ್ರಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಿದ್ದೆಯಿಲ್ಲ. ಇಬ್ಬರು ಅವಳಿಂದ 1930ಕ್ಕೆ ಫೋನ್ ಮಾಡಿಸಿ ದೂರು ದಾಖಲಿಸಿದರು. ಅದು ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ. ಹಣ ಹೋದ ಕೂಡಲೇ ತಿಳಿಸಿದರೆ ಮುಂದಿನ ಖಾತೆಯಲ್ಲೇ ಅದನ್ನು ತಡೆಹಿಡಿಯುವ ಅವಕಾಶ ಇರುತ್ತದೆ. ಮೂರು ವಾರ ಕಳೆದ ಮೇಲೆ ದೂರಿನ ನಂಬರು ಮಾತ್ರ ಕೈಗೆ ಬರುತ್ತದೆ. ನಮಗೂ ಅಷ್ಟೇ ಬಂತು. ಉಳಿದವರು ನಕಲಿ ಖಾತೆಯ ಬಗ್ಗೆ ಜಾಲತಾಣಕ್ಕೆ ವರದಿ ಮಾಡಲು ಕೂತೆವು. ಆಗ ಕಂಡ ಸಂಗತಿ ನಮ್ಮನ್ನು ನಾಚಿಸಿತು. ನಕಲಿ ಖಾತೆಯಲ್ಲಿ ಫೋಟೊ ಇತ್ತು, ಅನುಭವದ ಪಟ್ಟಿ ಇತ್ತು, ಐನೂರು ಜನರ ಸಂಪರ್ಕ ಇತ್ತು. ನಮ್ಮ ಗೆಳೆಯನ ಅಸಲಿ ಖಾತೆ ಓದುವಾಗ ತೆರೆದಿಟ್ಟದ್ದು. ಫೋಟೊ ಇಲ್ಲ, ಕೊನೆಯ ಸಾಲು 'ವಿದ್ಯಾರ್ಥಿ'. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಅಸಲಿ ಎಂದು ಕೇಳಿದ್ದರೆ ನಾವೂ ತಪ್ಪು ಉತ್ತರ ಕೊಡುತ್ತಿದ್ದೆವೇನೋ.

ಹಾಗಾಗಿ ಐವರೂ ಗುರುತು ದೃಢೀಕರಣ ಮಾಡಿಸಿಕೊಳ್ಳೋಣ, ಹೆಸರಿನ ಪಕ್ಕ ಒಂದು ಟಿಕ್ ಮಾರ್ಕು ಬೀಳಲಿ ಎಂದು ತೀರ್ಮಾನಿಸಿದೆವು. ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆವು. ಹನ್ನೊಂದು ದಿನ ಹಿಡಿಯಿತು.

ವಿಧಾನ ಹೇಳಲು ಸರಳ. ಡಿಜಿಲಾಕರ್ ಮೂಲಕ ಆಧಾರ್ ತೋರಿಸಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಒಪ್ಪಿಗೆ ಕೊಟ್ಟರೆ ಆಧಾರ್‌ನಲ್ಲಿರುವ ಹೆಸರನ್ನು ಖಾತೆಯಲ್ಲಿರುವ ಹೆಸರಿನ ಜೊತೆ ಹೋಲಿಸಿ ನೋಡುತ್ತಾರೆ. ಒಂದು ಸೆಲ್ಫಿ ತೆಗೆದುಕೊಳ್ಳಬೇಕು. ಹೊಂದಿದರೆ ಟಿಕ್.

ಮೊದಲ ಎಡವಟ್ಟು ಒಟಿಪಿಯದು. ನಮ್ಮಲ್ಲಿ ಒಬ್ಬಳ ಆಧಾರ್ ಮಾಡಿಸುವಾಗ ಅವಳು ಹೈಸ್ಕೂಲಿನಲ್ಲಿದ್ದಳು. ಮನೆಗೆಲ್ಲ ಒಂದೇ ಮೊಬೈಲು, ಅದು ಅಣ್ಣನ ಕೈಯಲ್ಲಿ. ಆ ಸಿಮ್ ರೀಚಾರ್ಜ್ ಇಲ್ಲದೆ ಯಾವಾಗಲೋ ಸತ್ತಿತ್ತು. ಒಟಿಪಿ ಯಾರ ಮೊಬೈಲಿಗೆ ಹೋಗುತ್ತಿದೆಯೋ ಗೊತ್ತಿಲ್ಲ. ಆಗ ಮೊಬೈಲ್ ನಂಬರು ಬದಲಿಸಲು ಆಧಾರ್ ಕೇಂದ್ರಕ್ಕೇ ಹೋಗಿ ಬೆರಳು ಒತ್ತಬೇಕಿತ್ತು. ಅವಳು ಒಂದು ದಿನದ ರಜೆ ಹಾಕಿ, ಬಸ್ಸು ಹತ್ತಿ ಹೋಗಿ ಟೋಕನ್ ತೆಗೆದುಕೊಂಡಳು. ಆ ದಿನ ಸರ್ವರ್ ಇರಲಿಲ್ಲ. ಎರಡನೇ ಸಲ ಆಯಿತು.

ಎರಡನೆಯದು ಹೆಸರು. ನಗರದವರಿಗೆ ಇದು ತೊಡಕೇ ಅಲ್ಲ. ನಮ್ಮಂಥವರಿಗೆ ಹೆಸರು ಒಂದೇ ಇರುವುದಿಲ್ಲ. ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಬರೆದದ್ದು ಒಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇಂಗ್ಲಿಷಿಗೆ ಹೋದಾಗ ಅದು ಇನ್ನೊಂದು. ಆಧಾರ್ ಕ್ಯಾಂಪಿನಲ್ಲಿ ಕಂಪ್ಯೂಟರಿನ ಮುಂದಿದ್ದ ಹುಡುಗನಿಗೆ ಕೇಳಿಸಿದ್ದು ಮತ್ತೊಂದು. ಮಂಜುನಾಥ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಕೊನೆಗೆ 'ಎ' ಇದೆಯೋ ಇಲ್ಲವೋ, 'ಟಿ' ಆದ ಮೇಲೆ 'ಎಚ್' ಇದೆಯೋ ಇಲ್ಲವೋ, ಇನಿಷಿಯಲ್ಲು ಮುಂದೋ ಹಿಂದೋ, ಅದು ಅಪ್ಪನದೋ ಊರಿನದೋ. ಇಷ್ಟರಲ್ಲೇ ಒಬ್ಬ ಮಂಜುನಾಥ ಹತ್ತು ಜನ ಆಗುತ್ತಾನೆ. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಎರಡೇ ಸಲ ಅವಕಾಶ, ಹುಟ್ಟಿದ ದಿನಾಂಕ ತಿದ್ದಲು ಒಂದೇ ಸಲ. ಒಂದು ಟಿಕ್ಕಿಗಾಗಿ ಅದನ್ನು ಖರ್ಚು ಮಾಡುವುದೇ?

ವರದಿಗಾರ ಗೆಳೆಯನ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಅವನ ಬೈಲೈನ್‌ನಲ್ಲಿ ಹೆಸರಿನ ಜೊತೆ ಊರಿನ ಹೆಸರಿದೆ. ತಾಲ್ಲೂಕಿನಲ್ಲಿ ಎಲ್ಲರಿಗೂ ಅವನು ಗೊತ್ತಿರುವುದು ಹಾಗೆಯೇ. ಆಧಾರ್‌ನಲ್ಲಿ ಊರಿಲ್ಲ, ಎರಡು ಇನಿಷಿಯಲ್ಲುಗಳಿವೆ. ಜಾಲತಾಣ ಹೊಂದಿಕೆಯಾಗುತ್ತಿಲ್ಲ ಎಂದಿತು. ಕುವೆಂಪು ಎಂಬ ಹೆಸರಿನಲ್ಲಿ ಖಾತೆ ತೆರೆದಿದ್ದರೆ ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪನವರಿಗೂ ಟಿಕ್ ಸಿಗುತ್ತಿರಲಿಲ್ಲ ಎಂದು ನಾವು ನಕ್ಕೆವು. ಅವನು ನಗಲಿಲ್ಲ. "ನನ್ನ ಹೆಸರು ಕದ್ದವನಿಗೆ ಏನೂ ತೊಂದರೆ ಆಗ್ಲಿಲ್ಲ. ನನಗೇ ನನ್ನ ಹೆಸರು ಇಟ್ಕೊಳ್ಳೋಕೆ ಆಗ್ತಿಲ್ಲ" ಎಂದ. ಕೊನೆಗೆ ಖಾತೆಯ ಹೆಸರನ್ನು ಆಧಾರ್‌ನಲ್ಲಿರುವಂತೆ ಬದಲಿಸಿ, ಕೆಳಗಿನ ಪರಿಚಯದ ಸಾಲಿನಲ್ಲಿ ಬೈಲೈನ್ ಹೆಸರು ಹಾಕಿಕೊಂಡ.

ಕೆಲಸದ ಸ್ಥಳವನ್ನೂ ದೃಢೀಕರಿಸಬಹುದು ಎಂದು ಆ ಪುಟದಲ್ಲೇ ಇತ್ತು. ಅದಕ್ಕೆ ಸಂಸ್ಥೆ ಕೊಟ್ಟ ಇಮೇಲ್ ಬೇಕು. ಬೆಂಗಳೂರಿನ ಡೆಸ್ಕಿನಲ್ಲಿರುವ ಗೆಳತಿಗೆ ಅದು ಎರಡು ನಿಮಿಷದಲ್ಲಿ ಆಯಿತು. ತಾಲ್ಲೂಕು ವರದಿಗಾರನಿಗೆ ಅಂಥ ಇಮೇಲ್ ಎಲ್ಲಿಂದ ಬರಬೇಕು? ಅವನು ಸುದ್ದಿ ಕಳಿಸುವುದು ಜಿಮೇಲಿನಿಂದ, ಈಚೆಗೆ ವಾಟ್ಸಾಪಿನಿಂದ. ಹೊಳೆ ಉಕ್ಕಿದಾಗ ಸೇತುವೆಯ ಮೇಲೆ ನಿಂತು ಫೋಟೊ ತೆಗೆದವನು ಪತ್ರಕರ್ತ ಹೌದೋ ಅಲ್ಲವೋ ಎಂಬುದಕ್ಕೆ ಅವನ ಪತ್ರಿಕೆಯ ಬಳಿಯೂ ಕಾಗದವಿಲ್ಲ. ನಮ್ಮ ಬ್ಯಾಚಿನ ಅರ್ಧ ಜನರ ಕತೆ ಇದೇ.

ಮೂರನೆಯದು ಜಗಳ. ನಮ್ಮಲ್ಲಿ ಒಬ್ಬ ಖಂಡಿತ ಒಪ್ಪಲಿಲ್ಲ. ಅವನ ವಾದ ಇದು: 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆಧಾರ್ ಕಾಯ್ದೆಯ 57ನೇ ಸೆಕ್ಷನ್ನಿನಲ್ಲಿ ಖಾಸಗಿ ಕಂಪನಿಗಳಿಗೆ ದಾರಿ ಮಾಡಿದ್ದ ಭಾಗವನ್ನು ರದ್ದು ಮಾಡಿತು. 2019ರ ತಿದ್ದುಪಡಿಯಿಂದ ಸ್ವಂತ ಇಚ್ಛೆಯಿಂದ ತೋರಿಸಬಹುದು, ಸರಿ. ಆದರೆ ಟಿಕ್ ಇಲ್ಲದವನನ್ನು ನಕಲಿ ಎಂದು ನೋಡುವ ಕಾಲ ಬಂದರೆ ಅದು ಸ್ವಂತ ಇಚ್ಛೆ ಹೇಗಾಗುತ್ತದೆ? ನಾವು ಹೇಳಿದೆವು, ನಂಬರನ್ನು ಟೈಪ್ ಮಾಡುವುದು ಸರ್ಕಾರದ ಪುಟದಲ್ಲಿ, ಕಂಪನಿಯ ಪುಟದಲ್ಲಲ್ಲ ಎಂದು. ಅವನು ಕೇಳಿದ, ಸೆಲ್ಫಿ ಯಾರ ಹತ್ತಿರ ಇರುತ್ತದೆ, ಎಷ್ಟು ದಿನ ಇರುತ್ತದೆ, ಒಪ್ಪಿಗೆಯ ಪುಟವನ್ನು ನಿಮ್ಮಲ್ಲಿ ಎಷ್ಟು ಜನ ಓದಿದಿರಿ? ಒಬ್ಬರೂ ಓದಿರಲಿಲ್ಲ. ಸುದ್ದಿಯ ಪ್ರತಿ ಸಾಲಿಗೂ ಮೂಲ ಕೇಳಲು ಕಲಿತವರು ನಾವು. ನಮ್ಮ ಮುಖ ಕೊಡುವಾಗ 'ಒಪ್ಪಿದ್ದೇನೆ' ಒತ್ತಿಬಿಟ್ಟಿದ್ದೆವು. ಆಮೇಲೆ ಕೂತು ಓದಿದೆವು.

ಇಷ್ಟರ ನಡುವೆ ಒಂದು ಭಾನುವಾರ ಆ ಹುಡುಗಿಯ ಊರಿಗೆ ಮೂವರು ಹೋದೆವು. ಐವರೂ ಸೇರಿಸಿದ 6,500 ರೂಪಾಯಿ ಕವರಿನಲ್ಲಿತ್ತು. ಅಂಗಳದಲ್ಲಿ ಜೋಳದ ತೆನೆ ಹರವಿದ್ದರು. ಹುಡುಗಿ ಒಳಗಿನಿಂದ ಹೊರಗೆ ಬರಲಿಲ್ಲ. ಅವ್ವ ನೀರು ಕೊಟ್ಟರು, ಚಾಪೆ ಹಾಸಿದರು, ಆಮೇಲೆ ಕೇಳಿದರು. "ನೀವರ ಖರೇ ಅದೀರಿ ಅಂತ ನಾ ಹೆಂಗ ನಂಬಬೇಕ್ರಿ ತಮ್ಮಾ?"

ನಮ್ಮ ಗೆಳೆಯ ಮೊಬೈಲ್ ತೆಗೆದು ಟಿಕ್ ತೋರಿಸಲು ಹೋದ. ಅವರು ಅದನ್ನು ನೋಡಲಿಲ್ಲ. ಯಾವ ಊರು, ಯಾರ ಮಗ, ತಾಯಿಯ ತವರು ಯಾವುದು ಎಂದು ವಿಚಾರಿಸಿದರು. ತವರೂರಿನ ಹೆಸರು ಹೇಳಿದ ಮೇಲೆ ಅಲ್ಲಿಗೆ ಕೊಟ್ಟ ತಮ್ಮ ನಾದಿನಿಗೆ ಫೋನ್ ಹಚ್ಚಿ, ನಮ್ಮ ಮುಂದೆಯೇ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಚಹಾಕ್ಕೆ ಇಟ್ಟರು.

ಕವರು ಕೊಟ್ಟಾಗ ಮಾತ್ರ ಮುಟ್ಟಲಿಲ್ಲ. "ರೊಕ್ಕ ನೀವು ತಗೊಂಡಿದ್ರ ಕೊಡ್ರಿ. ತಗೊಂಡಿಲ್ಲಂದ್ರ ಯಾಕ ಕೊಡ್ತೀರಿ? ನಾಳೆ ಮಂದಿ ಏನಂತಾರ, ಅವರs ತಗೊಂಡಿದ್ರು ಅಂತಾರ." ನಮ್ಮಲ್ಲಿ ಯಾರಿಗೂ ಹೊಳೆಯದ ಮಾತು ಅದು. ಕವರು ನಮ್ಮ ಬ್ಯಾಗಿಗೇ ವಾಪಸು ಬಂತು. ಹೊರಡುವಾಗ ಹುಡುಗಿ ಬಾಗಿಲಿಗೆ ಬಂದು ನಿಂತಳು. "ನಿಮ್ಮ ಹೆಸರು ಇತ್ತಂತ ನಂಬಿದೆ ಸರ್. ಕಾಲೇಜಿನಾಗ ನಿಮ್ಮ ಬಗ್ಗೆ ಭಾಳ ಹೇಳಿದ್ರು" ಎಂದಳು. ಬಸ್ಸಿನಲ್ಲಿ ಹಾವೇರಿ ಬರುವ ತನಕ ಅವನು ಮಾತಾಡಲಿಲ್ಲ.

ಈಗ ನಮ್ಮಲ್ಲಿ ನಾಲ್ವರಿಗೆ ಟಿಕ್ ಇದೆ, ಒಬ್ಬನಿಗೆ ಇಲ್ಲ. ಅವನು ಬೇಡ ಎಂದದ್ದನ್ನು ನಾವು ಒಪ್ಪಿದ್ದೇವೆ. ನಕಲಿ ಖಾತೆಯನ್ನು ತೆಗೆದಿದ್ದಾರೆ. ಹಣ ಬಂದಿಲ್ಲ.

ಈ ಅಲೆದಾಟದಿಂದ ನಮಗೆ ತಿಳಿದದ್ದು ಇಷ್ಟು. ಟಿಕ್ ಇದ್ದರೆ ಆ ಖಾತೆಯ ಹೆಸರು ಒಂದು ಗುರುತಿನ ಚೀಟಿಯ ಹೆಸರಿಗೆ ಹೊಂದಿದೆ ಎಂದು ಅರ್ಥ. ಆ ಮನುಷ್ಯ ಹೇಳುವ ಕೆಲಸ ನಿಜ ಎಂದಾಗಲಿ, ಅವನು ಒಳ್ಳೆಯವನು ಎಂದಾಗಲಿ ಅಲ್ಲ. ಟಿಕ್ ಇಲ್ಲದವರೆಲ್ಲ ಕಳ್ಳರೂ ಅಲ್ಲ. ಅವರ ಸಿಮ್ ಸತ್ತಿರಬಹುದು, ಮೇಷ್ಟ್ರು ಹೆಸರು ತಪ್ಪು ಬರೆದಿರಬಹುದು. ಕೆಲಸ ಕೊಡುವವರು ಠೇವಣಿ ಕೇಳಿದರೆ ಅಲ್ಲಿಗೆ ಮಾತು ಮುಗಿಸಿ. ಫೋನಿಗೆ ಸಿಗದವರನ್ನು, ಅವರನ್ನು ಬಲ್ಲ ಇನ್ನೊಬ್ಬರ ಮೂಲಕ ವಿಚಾರಿಸಿ. ಎರಡು ಮೂಲಗಳಿಂದ ಖಾತ್ರಿ ಮಾಡಿಕೊಳ್ಳಿ ಎಂದು ನಮಗೆ ಮೊದಲ ಸೆಮಿಸ್ಟರಿನಲ್ಲಿ ಹೇಳಿಕೊಟ್ಟಿದ್ದರು. ಆ ತಾಯಿ ಅದನ್ನೇ ಒಂದು ಫೋನಿನಲ್ಲಿ ಮಾಡಿದರು.

ಜೂನಿಯರ್‌ಗಳೇ, ನಮ್ಮ ಐವರಲ್ಲಿ ಯಾರದೇ ಹೆಸರಿನಲ್ಲಿ ಕೆಲಸದ ಮೆಸೇಜು ಬಂದರೆ ವಿಭಾಗದಲ್ಲಿ ನಮ್ಮ ನಂಬರು ಇದೆ, ಕೇಳಿ ತೆಗೆದುಕೊಂಡು ಫೋನ್ ಮಾಡಿ. ನಾವು ಮೀಟಿಂಗ್‌ನಲ್ಲಿ ಇರುವುದಿಲ್ಲ. ಇದ್ದರೂ ಎದ್ದು ಹೊರಗೆ ಬಂದು ಮಾತಾಡುತ್ತೇವೆ.