ಹೋಗುವಾಗ ಎಣಿಕೆ, ಬರುವಾಗ ಮಾತು

ಹುಟ್ಟಿನಿಂದ ಸಮೀಪದೃಷ್ಟಿಯಿದ್ದವನಿಗೆ ಮುಪ್ಪಿನಲ್ಲಿ ಒಂದು ಲಾಭವಿದೆ. ಎದುರಿಗೆ ಬರುವವರ ಗುರುತು ಹತ್ತಬೇಕಾದರೆ ಸೋಡಾಬುಡ್ಡಿ ಕನ್ನಡಕ ಏರಿಸಲೇಬೇಕು. ಅದನ್ನು ಹಣೆಗೆ ಸರಿಸಿ ಸೂಜಿಯನ್ನು ಮೂಗಿನ ಹತ್ತಿರ ಹಿಡಿದೆನೋ, ಅದರ ಕಣ್ಣು ಊರ ಅಗಸಿಬಾಗಿಲಿನಷ್ಟು ಅಗಲವಾಗಿ ಕಾಣುತ್ತದೆ. ಧಾರವಾಡದ ಮಾಳಮಡ್ಡಿಯ ಒಂದು ಮನೆಗೆ ಹೆಂಡತಿಯನ್ನು ಕಸೂತಿಗೆಂದು ಬಿಟ್ಟು, ನಾನು ಕಟ್ಟೆಯ ಮೇಲೆ ಪೇಪರು ಓದುತ್ತ ಕೂಡುತ್ತಿದ್ದೆ. ಒಳಗಿನವರೆಲ್ಲ ಅರವತ್ತು ದಾಟಿದವರು. ಸೂಜಿಗೆ ದಾರ ಪೋಣಿಸುವುದರಲ್ಲೇ ಅವರ ಅರ್ಧ ಹೊತ್ತು ಕಳೆಯುತ್ತಿತ್ತು. "ರಾಯರ, ನಿಮಗ ಹತ್ತಿರದ್ದು ಛಲೋ ಕಾಣಸ್ತದಂತ, ಇಷ್ಟು ಪೋಣಿಸಿ ಕೊಡ್ರಿ" ಎಂದು ಒಳಗೆ ಕರೆದರು. ದಾರ ಪೋಣಿಸಲು ಹೋದವನು ಅಲ್ಲೇ ಕೂತೆ.

ಬಾಳೆಲ್ಲ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ನೋಟು ಎಣಿಸಿದವನು ನಾನು. ರಿಟೈರಾದ ಮೇಲೆ ಬೆರಳುಗಳು ಕೆಲಸವಿಲ್ಲದೆ ಟೀಪಾಯಿಯ ಅಂಚನ್ನು ಎಣಿಸುತ್ತಿದ್ದವು. ಕಸೂತಿಯೆಂದರೆ ಮೊದಲಿಂದ ಕೊನೆಯವರೆಗೂ ಎಣಿಕೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇಲ್ಲ, ಅಚ್ಚು ಇಲ್ಲ, ದಾರದ ತುದಿಗೆ ಗಂಟು ಕೂಡ ಇಲ್ಲ. ಹಾಸುಹೊಕ್ಕಿನ ಎಳೆಗಳನ್ನು ಎಣಿಸುತ್ತ ಹೋದರೆ ಅಲ್ಲೊಂದು ತುಳಸಿಕಟ್ಟೆ ಏಳುತ್ತದೆ. ಇರುವುದು ನಾಲ್ಕೇ ಹೊಲಿಗೆ. ಗವಂತಿ ಗೆರೆ ಎಳೆಯುತ್ತದೆ, ಮುರಗಿ ಮೆಟ್ಟಿಲು ಹತ್ತುತ್ತದೆ, ನೇಗಿ ಮಗ್ಗದಲ್ಲೇ ನೇಯ್ದ ಹಾಗೆ ಕಾಣುತ್ತದೆ, ಮೆಂತಿ ಗುಣಾಕಾರದ ಗುರುತುಗಳನ್ನು ಒತ್ತಾಗಿ ಹಾಕಿ ಮೈ ತುಂಬಿಸುತ್ತದೆ. ಒಂದೇ ಒಂದು ಎಳೆ ಎಣಿಕೆ ತಪ್ಪಿದರೆ ನವಿಲಿನ ಕೊಕ್ಕು ಕೂಡುವುದಿಲ್ಲ, ಬಿಚ್ಚಬೇಕು. ನಮ್ಮ ಕೌಂಟರಿನಲ್ಲೂ ಲೆಕ್ಕ ಕೂಡದೆ ಮನೆಗೆ ಬಿಡುತ್ತಿರಲಿಲ್ಲ.

ನನ್ನ ಮನಸ್ಸು ನಿಂತದ್ದು ಗವಂತಿಯಲ್ಲಿ. ಸೂಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಮುಳುಗುತ್ತ ನಕ್ಷೆಯ ಕೊನೆಯವರೆಗೆ ಹೋಗುತ್ತದೆ. ಆಗ ಕಾಣುವುದು ಅರ್ಧ ಗೆರೆ. ಅಲ್ಲಿಂದ ಹೊರಳಿ ಅದೇ ಹಾದಿಯಲ್ಲಿ ಬರುತ್ತ, ಬಿಟ್ಟ ಸಂದುಗಳನ್ನು ತುಂಬುತ್ತ, ಹೊರಟ ಜಾಗಕ್ಕೆ ಬಂದು ಮುಟ್ಟುತ್ತದೆ. ಒಳಗೂ ಹೊರಗೂ ಒಂದೇ ರೂಪ. ಇಂಥದ್ದನ್ನು ಕಂಡರೆ ಬಾಳಿಗೆ ಹೋಲಿಸುವ ಚಪಲ ಯಾರಿಗಾದರೂ ಆಗುತ್ತದೆ. ಸಾಲಿ ಕಲಿಸಿ ರಿಟೈರಾದ ಅಕ್ಕೋರು ಒಮ್ಮೆ ಶುರು ಮಾಡಿಯೇಬಿಟ್ಟಿದ್ದರು. "ಪ್ರವಚನ ಮಠದಾಗ ಕೇಳೂಣ್ರಿ, ಇಲ್ಲೆ ಎಳಿ ಎಣಸ್ರಿ" ಎಂದು ಪಕ್ಕದಲ್ಲೇ ಹೊಲಿಯುತ್ತಿದ್ದ ನರ್ಸಬಾಯಿ ಅವರ ಬಾಯಿ ಮುಚ್ಚಿಸಿದರು.

ನಾನು ಗಮನಿಸಿದ್ದು ವೇದಾಂತವಲ್ಲ, ವ್ಯವಹಾರ. ಹೋಗುವಾಗ ಎಣಿಸಬೇಕು, ಅದಕ್ಕೆ ಎಲ್ಲರೂ ಮೌನ. ಬರುವಾಗ ಹಾದಿ ಆಗಲೇ ಬಿದ್ದಿರುತ್ತದೆ, ಎಣಿಸುವ ಗೋಜಿಲ್ಲ; ಅಲ್ಲಿ ಮಾತು. ಆ ಪಡಸಾಲೆಯಲ್ಲಿ ಮಾತು ಹೀಗೆ ಬಿಟ್ಟು ಬಿಟ್ಟು ಬರುತ್ತದೆ, ಅದೂ ಬಟ್ಟೆ ನೋಡುತ್ತ. ಎದುರಿನವರ ಮುಖ ನೋಡಬೇಕಾದ ಕಷ್ಟವಿಲ್ಲ. ಒಬ್ಬರು, ಮಗ ಮನೆ ಮಾರಲು ಹಟ ಹಿಡಿದದ್ದನ್ನು ನವಿಲಿನ ಬಾಲದಿಂದ ಕುತ್ತಿಗೆಗೆ ಬರುವಷ್ಟರಲ್ಲಿ ಹೇಳಿ ಮುಗಿಸಿದರು. ಅಷ್ಟರಲ್ಲಿ ಎಲ್ಲರೂ ಮುಂದಿನ ಎಣಿಕೆಗೆ ಬಿದ್ದರು. ಸಮಾಧಾನ ಹೇಳಲು ಯಾರಿಗೂ ಎಡೆಯೇ ಸಿಗಲಿಲ್ಲ, ಒಳ್ಳೆಯದೇ ಆಯಿತು. ಮರಳುವ ದಾರಿಯಲ್ಲಿ ನರ್ಸಬಾಯಿ ತಲೆ ಎತ್ತದೆ, "ಮನಿ ಕಾಗದ ಯಾರ ಹೆಸರಿಲೆ ಅದಾವ?" ಎಂದಷ್ಟೇ ಕೇಳಿದರು. ಮರುದಿನ ಆ ಕಾಗದ ಓದಲು ನನ್ನನ್ನೂ ಕರೆದುಕೊಂಡು ಹೋದರು. ಕರ್ನಾಟಕ ಕಾಲೇಜಿನ ಮೈದಾನದಲ್ಲಿ ನನ್ನ ಜೊತೆ ವಾಕಿಂಗ್ ಮಾಡುವ ಗೆಳೆಯರಿದ್ದಾರೆ, ಒಳ್ಳೆಯವರೇ. ಆದರೆ ನಮ್ಮ ಮಾತು ಡಿ.ಎ. ಎಷ್ಟು ಏರಿತು ಎಂಬಲ್ಲಿಂದ ಶುಗರ್ ಎಷ್ಟು ಏರಿತು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಕೈ ಖಾಲಿಯಿದ್ದ ಗಂಡಸರಿಗೆ ದುಃಖ ಹೇಳಿಕೊಳ್ಳಲು ಬರುವುದಿಲ್ಲ.

ಆ ಮನೆಯ ಯಜಮಾನತಿ ಒಮ್ಮೆ ತಮ್ಮ ಅಜ್ಜಿಯ ಚಂದ್ರಕಾಳಿ ಸೀರೆ ತೆಗೆದು ಹಾಸಿದರು. ಮದುವೆಯ ಹೆಣ್ಣಿಗೆ ಕಸೂತಿ ತುಂಬಿದ ಕರಿಯ ಚಂದ್ರಕಾಳಿ ಕೊಡುವುದು ಈ ಕಡೆಯ ಹಳೆಯ ರೂಢಿ. ಸೆರಗಿನ ಹತ್ತಿರ ಗೋಪುರ, ತೇರು, ಆನೆ ಅಂಬಾರಿ, ತೊಟ್ಟಿಲು ಎಲ್ಲ ದೊಡ್ಡದಾಗಿ ಒತ್ತೊತ್ತಾಗಿ ಇದ್ದು, ಸೆರಗಿನಿಂದ ದೂರ ಸರಿದಂತೆ ಚಿತ್ರಗಳು ಸಣ್ಣವಾಗುತ್ತ, ವಿರಳವಾಗುತ್ತ, ಬರೀ ಚಿಕ್ಕಿಗಳಾಗಿ ಉಳಿದಿದ್ದವು. ಪುಸ್ತಕವಿಲ್ಲದ ಕಾಲದಲ್ಲಿ ಇಂಥ ಸೀರೆಯೇ ಪಠ್ಯ. ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಎಣಿಸಿ, ಮುಂದಿನವರು ಹೊಸ ಸೀರೆಗೆ ಇಳಿಸುತ್ತಿದ್ದರು. ಕರಿಯ ಬಟ್ಟೆಯ ಎಳೆ ಹಗಲಿನಲ್ಲೇ ಕಾಣುವುದಿಲ್ಲ. ಕೆಳಗೊಂದು ಬಿಳಿ ಪಂಜೆ ಹಾಸಿಕೊಂಡರೆ ಸಂದುಗಳು ಮಿನುಗುತ್ತವೆ ಎಂಬ ಉಪಾಯ ಹೇಳಿಕೊಟ್ಟವಳು ನನ್ನ ಹೆಂಡತಿ. ಅಲ್ಲಿ ಅವಳು ನನ್ನ ಜೊತೆ ಆಡುವ ಮಾತು ಬಹುತೇಕ ಅಷ್ಟೇ.

ಹೀಗೇ ಮೊಬೈಲಿನಲ್ಲಿ ಹುಡುಕುತ್ತಿದ್ದಾಗ ಗವಂತಿಯ ದೂರದ ಬಂಧುವೊಂದು ಸಿಕ್ಕಿತು. ಇಂಗ್ಲೆಂಡಿನ ಎಂಟನೇ ಹೆನ್ರಿಯ ಮೂರನೇ ರಾಣಿ ಜೇನ್ ಸೇಮೋರ್. ಹಾನ್ಸ್ ಹೋಲ್ಬೈನ್ ಎಂಬ ಕಲಾವಿದ 1536ರ ಸುಮಾರಿಗೆ ಬರೆದ ಆಕೆಯ ಚಿತ್ರ ಈಗ ವಿಯೆನ್ನಾದ ಮ್ಯೂಸಿಯಮ್ಮಿನಲ್ಲಿದೆ. ಆಕೆಯ ತೋಳಿನ ಬಿಳಿ ಅಂಚಿನ ಮೇಲೆ ಕರಿಯ ದಾರದ ಹೊಲಿಗೆಯನ್ನು ಆತ ಎಷ್ಟು ನಿಷ್ಠೆಯಿಂದ ಬರೆದಿದ್ದಾನೆಂದರೆ, ಹೋಗಿ ಮರಳಿ ಬರುವ ಈ ಹೊಲಿಗೆಗೆ ಪಶ್ಚಿಮದಲ್ಲಿ ಹೋಲ್ಬೈನ್ ಹೊಲಿಗೆ ಎಂದೇ ಹೆಸರು. ಹೊಲಿದವಳ ಹೆಸರು ಹೋಗಿ, ಚಿತ್ರ ಬರೆದವನ ಹೆಸರು ಉಳಿಯಿತು! ಮೊಬೈಲು ಕೈಯಿಂದ ಕೈಗೆ ಸುತ್ತಿತು. "ಅಂಚು ನೆರಿಗಿ ನೆರಿಗಿ ಅದ ನೋಡ್ರಿ. ಒಳಮೈನೂ ಕಾಣಸ್ತದ. ಅದಕ್ಕ ಎರಡೂ ಕಡೆ ಒಂದ ಥರ ಇರಬೇಕಲ್ಲ," ಎಂದರು ಅಕ್ಕೋರು. ನಮ್ಮಲ್ಲಿ ಹಾರುವ ಸೆರಗಿಗೂ ಅದೇ ಕಾರಣ.

ಈಗ ಈ ಮಂಡಳಿಯವರು ಅಂಗಡಿಗೆ ಹೋದರೆ ಮಾರುವವನಿಗೆ ದಿಗಿಲು. ಸೀರೆ ಹಿಡಿದವರೇ ಸೆರಗು ಮಗುಚುತ್ತಾರೆ. ಮಷಿನ್ ಕಸೂತಿಯ ಸುಳ್ಳು ಹಿಂಬದಿಯಲ್ಲಿ ಗೊತ್ತಾಗುತ್ತದೆ. ಕೈಯಲ್ಲಿ ಮಾಡಿದರೆ ಒಂದು ಸೆರಗಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಕ್ಕೆ ಸಿಗುವ ದುಡ್ಡಿನಲ್ಲಿ ನ್ಯಾಯವಿಲ್ಲ ಎಂದು ಕ್ಯಾಶಿಯರನಾಗಿ ನಾನು ಖಂಡಿತ ಹೇಳಬಲ್ಲೆ. ನರ್ಸಬಾಯಿಯ ಲೆಕ್ಕ ಬೇರೆ. "ಕೈಯಾಗ ಸೆರಗು ಅರ್ಧ ಆಗೇದ ಅಂದ್ರ ಯಮಾನೂ ಸ್ವಲ್ಪ ತಡೀತಾನ್ರಿ. ಇದನ್ನ ಮುಗಸೂದರಾಗ ಇನ್ನೊಂದು ಹಿಡಿದಬಿಡಬೇಕು."

ಸದ್ಯ ಹಿಡಿದದ್ದು ಸೀರೆಯಲ್ಲ. ಅಕ್ಕೋರ ಮೊಮ್ಮಗಳಿಗೆ ಜೀನ್ಸ್ ಜಾಕೀಟಿನ ಬೆನ್ನ ಮೇಲೆ ಕಸೂತಿ ಬೇಕಂತೆ. ಜೀನ್ಸಿನ ಓರೆ ನೇಯ್ಗೆಯ ಎಳೆಗಳು ಎಣಿಕೆಗೆ ಸಿಗುವುದಿಲ್ಲ. ಮೇಲೆ ತೆಳುವಾದ ಜಾಳಿಗೆ ಬಟ್ಟೆ ಇಟ್ಟು, ಅದರ ಎಳೆ ಎಣಿಸಿ ಹೊಲಿದು, ಕೊನೆಗೆ ಆ ಬಟ್ಟೆಯ ಒಂದೊಂದೇ ಎಳೆಯನ್ನು ಜಗ್ಗಿ ತೆಗೆಯಬೇಕು. ಅದಕ್ಕೆ ಎಲ್ಲರೂ ಒಪ್ಪಿದ್ದಾರೆ, ಜಗಳ ನಡೆದಿರುವುದು ಚಿತ್ರದ ಬಗ್ಗೆ. ಗೋಪುರ ಬೇಡ, ಹುಡುಗಿ ಕುರ್ಚಿಗೆ ಒರಗಿದರೆ ದೇವರಿಗೆ ಅಪಚಾರ ಎಂದು ಅಕ್ಕೋರು. ಹಾಗಾದರೆ ಆನೆ ಅಂಬಾರಿ ಎಂದು ಯಜಮಾನತಿ. ಹುಡುಗಿ ಮಾತ್ರ ಫೋನಿನಲ್ಲಿ, "ಅಜ್ಜಿ, ಬೆಕ್ಕು ಹಾಕ್ತೀಯಾ?" ಎಂದು ಕೇಳಿದ್ದಾಳೆ. ಹಳೆಯ ಯಾವ ಸೆರಗಿನಲ್ಲೂ ನಮಗೆ ಬೆಕ್ಕು ಸಿಕ್ಕಿಲ್ಲ. ಚೌಕುಳಿ ಕಾಗದ ತಂದು, ಮೀಸೆಗೆ ಎಷ್ಟು ಎಳೆ ಬಿಡಬೇಕೆಂದು ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ.